ಬೇಸಗೆಯ ಉಮೇದುವಾರಿ

ವ್ಯಾಪಾರವಿದ್ಯೆಯು ವಿಶ್ವವಿದ್ಯಾನಿಲಯಗಳ ಅಂಗಳವನ್ನು ಹೊಕ್ಕು ಬಹುಕಾಲವಾಗಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ತನ್ನ ವ್ಯಾಪಾರಶಾಲೆಯನ್ನು ತೆರೆದುದು 1908ರಲ್ಲಿ. ನಮ್ಮಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಶಾಲೆಗಳು ಹುಟ್ಟಿದುದು 1961ರಲ್ಲಿ, ಬೆಂಗಳೂರಿನದು 1973ರಲ್ಲಿ. ಅದಕ್ಕೆ ಹಿಂದೆ ವ್ಯಾಪಾರವನ್ನು ಕಲಿಯಬೇಕೆಂದವನು ಸಾಹುಕಾರನ ಅಂಗಡಿಯಲ್ಲಿ ಕುಳಿತು, ತಕ್ಕಡಿ ಹಿಡಿದು, ಖಾತೆ ಬರೆದು ಕಲಿಯುತ್ತಿದ್ದನು. ಶಾಲೆಯು ಬಂದಮೇಲೆ ಅಂಗಡಿಯ ಪಾಠ ತಪ್ಪಿಹೋಗಬಾರದೆಂಬ ಉದ್ದೇಶದಿಂದ, ಎಂ.ಬಿ.ಎ. ವ್ಯಾಸಂಗದ ಎರಡು ವರ್ಷಗಳ ನಡುವೆ, ಬೇಸಗೆಯಲ್ಲಿ ಸುಮಾರು ಎರಡು ತಿಂಗಳು ವಿದ್ಯಾರ್ಥಿಗಳನ್ನು ಕಂಪೆನಿಗಳಿಗೆ ಕಳುಹಿಸುವ ಪದ್ಧತಿ ಬೆಳೆಯಿತು. ಇದನ್ನೇ ಇಂಟರ್ನ್‌ಶಿಪ್ ಎನ್ನುವರು.

ಹೆಸರು ಹೊಸದಾದರೂ ಸ್ಥಿತಿಯು ನಮಗೆ ಅಪರಿಚಿತವಲ್ಲ. ಹಿಂದಿನ ಕಚೇರಿಗಳಲ್ಲಿ, ಮುಂದೆ ನೌಕರಿಯಾದೀತೆಂಬ ಆಸೆಯಿಂದ ಸಂಬಳವಿಲ್ಲದೆ ಬರೆವಣಿಗೆ ಮಾಡಿಕೊಂಡಿರುತ್ತಿದ್ದವನಿಗೆ ಉಮೇದುವಾರನೆಂದು ಹೆಸರಿತ್ತು. ಉಮೇದು ಎಂದರೆ ಆಸೆ. ಆಸೆಯೇ ಅವನ ಸಂಬಳ. ಅದನ್ನು ಕೊಡುತ್ತಿದ್ದವನಿಗೆ ಖರ್ಚೇನೂ ಇರಲಿಲ್ಲ. ಇಂದಿನ ಬೇಸಗೆಯ ವಿದ್ಯಾರ್ಥಿಯಲ್ಲಿಯೂ ಮೂವರು ಕೂಡಿದ್ದಾರೆ: ಕಲಿಯಬಂದ ಶಿಷ್ಯ, ದುಡಿಯುವ ಆಳು, ನೌಕರಿಯನ್ನು ಬಯಸುವ ಉಮೇದುವಾರ. ಈ ಮೂವರ ಧರ್ಮಗಳು ಒಂದಕ್ಕೊಂದು ಹೊಂದುವುವೇ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಕೂಲಿಯ ಮಾತು. ಹೆಸರಾಂತ ಶಾಲೆಗಳವರಿಗೆ ದೊಡ್ಡ ಕಂಪೆನಿಗಳು ಧಾರಾಳವಾಗಿಯೇ ಭತ್ಯ ಕೊಡುತ್ತವೆ. ಸಾಮಾನ್ಯ ಕಾಲೇಜುಗಳ ಅನೇಕರಿಗಾದರೋ ದೊರೆಯುವುದು ಒಂದು ಪ್ರಮಾಣಪತ್ರ ಮಾತ್ರ. "ಕಲಿಸಿದೆವಲ್ಲ, ಅದೇ ಕೂಲಿ" ಎಂಬುದು ಕಂಪೆನಿಯ ಸಮಾಧಾನ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1947ರಲ್ಲಿ ರೈಲ್ವೆಯ ತರಬೇತಿಯವರ ಮೊಕದ್ದಮೆಯೊಂದರಲ್ಲಿ ಇದಕ್ಕೊಂದು ಒರೆಗಲ್ಲನ್ನು ಹಿಡಿಯಿತು: ಕಲಿಯುವವರಿಂದ ಕಂಪೆನಿಗೆ ತತ್‌ಕ್ಷಣದ ಲಾಭವಿಲ್ಲದಿದ್ದುದರಿಂದ ಅವರು ನೌಕರರಲ್ಲ, ಕೂಲಿಯೂ ಸಲ್ಲದು ಎಂದು ತೀರ್ಮಾನವಾಯಿತು. ಒರೆಗಲ್ಲು ನ್ಯಾಯವಾದುದೇ; ಆದರೆ ಅದನ್ನು ತಿರುಗಿಸಿಯೂ ಹಿಡಿಯಬೇಕು. ವಿದ್ಯಾರ್ಥಿಯು ಬಿಸಿಲಿನಲ್ಲಿ ಇನ್ನೂರು ಅಂಗಡಿಗಳನ್ನು ಸುತ್ತಿ ತಂದ ವಿವರದಿಂದ ಕಂಪೆನಿಗೆ ಲಾಭವಾದರೆ, ಕಲಿತನೆಂಬ ಕಾರಣದಿಂದ ದುಡಿಮೆಯು ದುಡಿಮೆಯಲ್ಲದೆ ಹೋಗುವುದಿಲ್ಲ. ಕಲಿಯದೆ ದುಡಿಯುವವನು ಯಾವನಿದ್ದಾನೆ? ಅಲ್ಲದೆ, ಭತ್ಯವಿಲ್ಲದೆ ಎರಡು ತಿಂಗಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಊಟ ವಸತಿಗಳ ವೆಚ್ಚವನ್ನು ಹೊರಬಲ್ಲವನು ಅನುಕೂಲಸ್ಥರ ಮಗನು ಮಾತ್ರ. ಸಾಲ ಮಾಡಿ ಓದುತ್ತಿರುವ ರೈತನ ಮಗಳಿಗೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ.

ಕೂಲಿಗಿಂತಲೂ ಸೂಕ್ಷ್ಮವಾದುದು ಸತ್ಯದ ಪ್ರಶ್ನೆ. ಒಂದು ದೃಷ್ಟಾಂತವನ್ನು ಭಾವಿಸೋಣ. ಸಾಬೂನಿನ ಕಂಪೆನಿಯೊಂದು ಜಿಲ್ಲೆಯ ಮಾರಾಟವನ್ನು ಪರಿಶೀಲಿಸಲು ಒಬ್ಬ ವಿದ್ಯಾರ್ಥಿನಿಯನ್ನು ನೇಮಿಸುತ್ತದೆ. ಲೆಕ್ಕದಲ್ಲಿ ಪ್ರತಿ ತಿಂಗಳ ಕೊನೆಯ ವಾರ ಮಾರಾಟ ಏರಿರುತ್ತದೆ. ಆಕೆ ಅಂಗಡಿಗಳನ್ನು ಸುತ್ತಿದಾಗ ತಿಳಿಯುವುದೇನೆಂದರೆ, ಮಾಲು ಗಿರಾಕಿಯ ಮನೆಗೆ ಹೋಗಿಲ್ಲ. ತಿಂಗಳ ಗುರಿಯನ್ನು ಮುಟ್ಟಿಸುವುದಕ್ಕಾಗಿ ಸಗಟು ವ್ಯಾಪಾರಿಯ ಗೋದಾಮಿಗೆ ತುಂಬಲಾಗಿದೆ, ಮುಂದೆ ಅದರಲ್ಲಿ ಒಂದು ಪಾಲು ಹಿಂದಿರುಗುತ್ತದೆ. ಆ ಗುರಿಯನ್ನು ಮುಟ್ಟಿದೆನೆಂದು ಹೊಗಳಿಸಿಕೊಂಡ ಅಧಿಕಾರಿಯೇ ಆಕೆಯ ಮಾರ್ಗದರ್ಶಕ. ಆಕೆಯ ವರದಿಗೆ ಗುಣ ಹಾಕುವವನು ಅವನೇ, ವ್ಯಾಸಂಗ ಮುಗಿಯುವ ಮೊದಲೇ ಆಕೆಗೆ ನೌಕರಿ ಕೊಡಬಹುದೆಂದು ಶಿಫಾರಸು ಮಾಡತಕ್ಕವನೂ ಅವನೇ. ಆಕೆ ಏನು ಬರೆಯಬೇಕು?

ಪೂರ್ವಪಕ್ಷವುಂಟು. ಎರಡು ತಿಂಗಳ ಅತಿಥಿಗೆ ಮನೆಯ ದೋಷವನ್ನು ಎಣಿಸುವ ಅಧಿಕಾರವೆಲ್ಲಿ? ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರೇ ಹೇಳಿದ್ದಾರೆ. ಅರೆತಿಳಿವಿನಿಂದ ಒಬ್ಬನ ಜೀವನಕ್ಕೆ ಕುತ್ತು ತರುವುದು ಸಾಹಸವೇ ಹೊರತು ಸತ್ಯವಲ್ಲ. ಈ ಆಕ್ಷೇಪಣೆಯಲ್ಲಿ ಸಾರವಿಲ್ಲದೆ ಇಲ್ಲ. ಆದರೆ ಅತಿಥಿಗೂ ಪರಿಶೀಲನೆಗಾಗಿ ಕರೆಯಿಸಿದವನಿಗೂ ಭೇದವಿದೆ. ಜಂತೆ ಎಣಿಸುವುದಕ್ಕೆಂದೇ ಕರೆಯಲ್ಪಟ್ಟವನು ಎಣಿಸದಿದ್ದರೆ ಅದು ಸೌಜನ್ಯವಲ್ಲ, ಕರ್ತವ್ಯಲೋಪ. ಮೇಲಾಗಿ, ಕಂಡದ್ದನ್ನು ಹೇಳುವುದು ಬೇರೆ, ತೀರ್ಪು ಕೊಡುವುದು ಬೇರೆ. ಇಂಥ ಗೋದಾಮಿನಲ್ಲಿ ಇಷ್ಟು ಪೆಟ್ಟಿಗೆ, ಇಂಥ ದಿನ ಬಂದದ್ದು, ಇಷ್ಟು ಹಿಂದಿರುಗಿದ್ದು ಎಂದು ಬರೆಯಲು ಎರಡು ತಿಂಗಳ ಅನುಭವ ಸಾಕು. ಯಾರ ಮನಸ್ಸಿನಲ್ಲಿ ಏನಿತ್ತೆಂದು ಬರೆಯಲು ಇಪ್ಪತ್ತು ವರ್ಷವೂ ಸಾಲದು. ಮೊದಲನೆಯದು ಆಕೆಯ ಧರ್ಮ, ಎರಡನೆಯದು ಆಕೆಯ ಧರ್ಮವಲ್ಲ.

ಆದರೂ ಇಷ್ಟರಿಂದಲೇ ಭಾರವನ್ನೆಲ್ಲ ಇಪ್ಪತ್ತೆರಡರ ಎಳೆಯ ಹೆಗಲಿಗೆ ಹೊರಿಸಿ ನಾವು ನಿಶ್ಚಿಂತರಾಗುವುದು ನ್ಯಾಯವಲ್ಲ. ಸತ್ಯ ನುಡಿದರೆ ಅನ್ನ ಹೋಗುವಂತೆ ವ್ಯವಸ್ಥೆಯನ್ನು ಕಟ್ಟಿ, ಬಳಿಕ ಸತ್ಯ ನುಡಿಯೆಂದು ಉಪದೇಶಿಸುವವರ ಪಾಲಿಗೂ ದೋಷವಿದೆ. ಪರೀಕ್ಷಕನೂ ಪರೀಕ್ಷೆಗೊಳಗಾದವನೂ ಅನ್ನದಾತನೂ ಒಬ್ಬನೇ ಆಗಿರಬಾರದು. ವರದಿಗೆ ಗುಣ ಹಾಕತಕ್ಕವನು, ಆ ಲೆಕ್ಕದಲ್ಲಿ ಲಾಭನಷ್ಟವಿಲ್ಲದ ಶಾಲೆಯ ಅಧ್ಯಾಪಕನಾಗಿರಲಿ. ದುಡಿಮೆಗೆ ತಕ್ಕ ಭತ್ಯವಿರಲಿ, ಹೊತ್ತಿಗೆ ಮಿತಿಯಿರಲಿ. 2013ರಲ್ಲಿ ಲಂಡನ್ನಿನ ಬ್ಯಾಂಕೊಂದರ ಬೇಸಗೆಯ ವಿದ್ಯಾರ್ಥಿಯೊಬ್ಬನು 21ರ ಪ್ರಾಯದಲ್ಲಿ ತೀರಿಕೊಂಡನು. ಮೂರ್ಛೆರೋಗವೇ ಸಾವಿಗೆ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂದು, ಆಯಾಸವು ಅದನ್ನು ಕೆರಳಿಸಿತೆಂದು ನಿಶ್ಚಯಿಸಲಾಗದಿದ್ದರೂ, ರಾತ್ರಿಯೆಲ್ಲ ದುಡಿಸುವ ರೂಢಿಯನ್ನು ಕುರಿತು ಲೋಕವು ಆಗ ಯೋಚಿಸತೊಡಗಿತು. ಯೋಚನೆಗೆ ಅಷ್ಟು ಬೆಲೆ ತೆರಬೇಕಾದುದು ಶೋಚನೀಯ.

ಬೇಸಗೆಯಲ್ಲಿ ವಿದ್ಯಾರ್ಥಿಯು ಕಲಿಯುವ ಪಾಠಗಳಲ್ಲಿ ಮಾರಾಟದ ಸೂತ್ರಗಳು ಮರೆತುಹೋಗಬಹುದು; ಎಲ್ಲಿ ಬಾಯಿ ಮುಚ್ಚಿಕೊಂಡರೆ ಕ್ಷೇಮವೆಂಬ ಪಾಠವು ಮಾತ್ರ ಮರೆಯುವುದಿಲ್ಲ. ಈ ವರ್ಷದ ಉಮೇದುವಾರನೇ ಹತ್ತು ವರ್ಷಗಳ ಮೇಲೆ ಮಾರ್ಗದರ್ಶಕನ ಕುರ್ಚಿಯಲ್ಲಿ ಕೂರುವನು. ಇಂದು ಆತನಿಂದ ಮೌನವನ್ನು ಪಡೆದವರು ಅಂದು ಆತನಿಂದ ಸತ್ಯವನ್ನು ನಿರೀಕ್ಷಿಸುವಂತಿಲ್ಲ. ಮಗನೋ ಮಗಳೋ ಬೇಸಗೆ ಮುಗಿಸಿ ಮನೆಗೆ ಬಂದಾಗ, "ನೌಕರಿ ಸಿಕ್ಕಿತೆ?" ಎಂದು ಕೇಳುವ ನಾವು, "ಕಂಡದ್ದನ್ನು ಬರೆಯಲು ಬಿಟ್ಟರೆ?" ಎಂದೂ ಒಮ್ಮೆ ಕೇಳುವುದು ಮೇಲು.