ತೋರಿಕೆಯ ಕಿಂಡಿ, ನಿಜದ ಕಾಯಕ

ಕಾಯಕವೆಂದರೆ ಬರಿಯ ದುಡಿಮೆಯಲ್ಲ. ದುಡಿಮೆಯನ್ನು ಎತ್ತೂ ಮಾಡುತ್ತದೆ, ಯಂತ್ರವೂ ಮಾಡುತ್ತದೆ. ಮಾಡುವವನ ಮನಸ್ಸು ನಿರ್ಮಲವಾಗಿರಬೇಕು. ಮಾಡಿದ ವಸ್ತುವು ತಾನು ಹೇಳಿಕೊಂಡ ಕೆಲಸವನ್ನು ನಿಜವಾಗಿ ನೆರವೇರಿಸಬೇಕು. ಅದರಿಂದ ಪರರಿಗೆ ಕೇಡು ತಟ್ಟಬಾರದು. ಈ ಮೂರೂ ಕೂಡಿದಾಗ ಮಾತ್ರ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲುತ್ತದೆ. ನುಲಿಯ ಚಂದಯ್ಯನು ಹಗ್ಗ ಹೊಸೆದು ಜಂಗಮಸೇವೆಯನ್ನು ನಡೆಸಿದನು. ಹಗ್ಗದ ಹಿರಿಮೆಯಿರುವುದು ಅದರ ನುಣುಪಿನಲ್ಲಲ್ಲ, ಭಾರ ಬಿದ್ದಾಗ ಹರಿಯದಿರುವ ಕಸುವಿನಲ್ಲಿ. ಮೇದಾರ ಕೇತಯ್ಯನ ಬುಟ್ಟಿಗೂ ಇದೇ ಮಾತು ಸಲ್ಲುತ್ತದೆ.

ಈ ತತ್ತ್ವವನ್ನು ಹನ್ನೆರಡನೆಯ ಶತಮಾನದ ಕಸುಬುಗಳಿಗೆ ಮಾತ್ರ ಮೀಸಲಿಟ್ಟರೆ ಅದನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಗುವುದು. ಇಂದು ಎಷ್ಟೋ ಗೃಹಸ್ಥರ ಅಂಗಳದಲ್ಲಿ ಕಾರು ನಿಂತಿದೆ. ಕಾರಿನ ಮೈಗೆ ಬೇಕಾದ ಭಾಗಗಳನ್ನು ಮನೆಯಲ್ಲಿ ತಮ್ಮ ಕೈಯಿಂದಲೇ ಮಾಡಿಕೊಳ್ಳುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈ ಕೆಲಸವನ್ನು ಕಾಯಕದ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಆತ್ಮಪರೀಕ್ಷೆಗೆ ಬೇಕಾದ ಒಂದು ಪಾಠ ದೊರೆಯುತ್ತದೆ.

1948ರಲ್ಲಿ ಲಂಡನ್ನಿನಲ್ಲಿ ಕಾಲಿನ್ ಚಾಪ್ಮನ್ ಎಂಬ ತರುಣನು ಹಳೆಯದೊಂದು ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ಮನೆಯೊಂದರ ಹಿಂದಿನ ಪುಟ್ಟ ಕೊಟ್ಟಿಗೆಯಲ್ಲಿ ಅದಕ್ಕೆ ಹೊಸ ಮೈಯನ್ನು ಕಟ್ಟಿದನು. ಅಲ್ಯೂಮಿನಿಯಂ ತಗಡನ್ನು ಅಂಟಿಸಿದ ಪ್ಲೈವುಡ್ ಹಲಗೆಯೇ ಅವನ ಸಾಮಗ್ರಿ. ಆ ಹಲಗೆಯು ಬರಿಯ ಹೊದಿಕೆಯಾಗಿರಲಿಲ್ಲ. ಬಳುಕುವ ಚೌಕಟ್ಟಿಗೆ ಬಿಗಿಯನ್ನು ಕೊಡುವ ಕೆಲಸವನ್ನೂ ಅದು ಹೊತ್ತಿತ್ತು. ಲೋಟಸ್ ಎಂಬ ಹೆಸರಿನ ಕಾರುಗಳ ಪರಂಪರೆಯು ಅಲ್ಲಿಂದಲೇ ಆರಂಭವಾಯಿತು. ಕೊಟ್ಟಿಗೆಯು ಕಿರಿದಾದರೂ ಕೆಲಸವು ನಿಜವಾದುದಾಗಿತ್ತು.

ಇಂದು ಮನೆಯಲ್ಲಿ ಇಂತಹ ಭಾಗಗಳನ್ನು ಮಾಡುವವರು ಹೆಚ್ಚಾಗಿ ಗಾಜಿನ ನಾರನ್ನೂ ರಾಳವನ್ನೂ ಬಳಸುತ್ತಾರೆ. ಮೊದಲು ಬೇಕಾದ ಆಕಾರವನ್ನು ಮರದಲ್ಲಿಯೋ ನೊರೆಹಲಗೆಯಲ್ಲಿಯೋ ಕಡೆದು, ಉಜ್ಜಿ, ಮೇಣವನ್ನು ಸವರುತ್ತಾರೆ. ಅದರಿಂದ ಅಚ್ಚನ್ನು ತೆಗೆದು, ಅಚ್ಚಿನೊಳಗೆ ನಾರಿನ ಪದರಗಳನ್ನು ಹಾಸಿ ರಾಳವನ್ನು ಊಡಿಸುತ್ತಾರೆ. ಗಟ್ಟಿಗೊಳಿಸುವ ದ್ರವ್ಯವನ್ನು ರಾಳಕ್ಕೆ ನೂರಕ್ಕೆ ಒಂದೆರಡು ಪಾಲಿನಷ್ಟೇ ಬೆರೆಸಬೇಕು. ಆತುರದಿಂದ ಹೆಚ್ಚು ಹಾಕಿದರೆ ರಾಳವು ತನ್ನ ಕಾವಿನಿಂದ ತಾನೇ ಬಿರಿಯುತ್ತದೆ. ಕಡಮೆಯಾದರೆ ಅಂಟಾಗಿಯೇ ಉಳಿಯುತ್ತದೆ. ತಾಳ್ಮೆಯಿಲ್ಲದವನಿಗೆ ಈ ವಿದ್ಯೆ ಒಲಿಯದು.

ಇಂಜಿನ್ನಿನ ಬಿಸಿಗಾಳಿಯು ಹೊರಹೋಗಲೆಂದು ಒಬ್ಬ ಗೃಹಸ್ಥನು ಬಾನೆಟ್ಟಿಗೆ ಕಿಂಡಿಯೊಂದನ್ನು ಮಾಡಲು ತೊಡಗಿದನೆಂದು ಭಾವಿಸೋಣ. ವಾರಗಟ್ಟಲೆ ದುಡಿದು, ನುಣ್ಣಗೆ ಉಜ್ಜಿ, ಬಣ್ಣ ಬಳಿದು, ಮುಂಗಾಜಿನ ಬುಡದಲ್ಲಿ ಅದನ್ನು ಕೂಡಿಸುತ್ತಾನೆ. ನೋಡಿದವರೆಲ್ಲ ತಲೆದೂಗುತ್ತಾರೆ. ಆದರೆ ಗಾಳಿಗೆ ಮುಖಸ್ತುತಿ ತಿಳಿಯದು. ಓಡುವ ಕಾರಿನ ಮುಂಗಾಜಿನ ಬುಡದಲ್ಲಿ ಗಾಳಿಯು ತಡೆದು ನಿಲ್ಲುವುದರಿಂದ ಅಲ್ಲಿ ಒತ್ತಡ ಹೆಚ್ಚು. ಪ್ರಯಾಣಿಕರಿಗೆ ಹೊಸ ಗಾಳಿಯನ್ನು ಒಳಸೇರಿಸುವ ದಾರಿಯನ್ನು ಬಹಳಷ್ಟು ಕಾರುಗಳಲ್ಲಿ ಅಲ್ಲಿಯೇ ಇಟ್ಟಿರುವುದು ಈ ಕಾರಣಕ್ಕಾಗಿ. ಷೆವ್ರೊಲೆ ಕಂಪನಿಯವರು 1970ರ ಷೆವೆಲ್ ಕಾರಿನ ಬಾನೆಟ್ಟಿನಲ್ಲಿ ಗಾಜಿನ ಕಡೆಗೆ ಮುಖಮಾಡಿದ ಬಾಗಿಲನ್ನಿಟ್ಟು ಇಂಜಿನ್ನಿಗೆ ಗಾಳಿಯನ್ನು ಎಳೆದುಕೊಂಡದ್ದೂ ಈ ಮರ್ಮವನ್ನು ಅರಿತೇ. ಆದುದರಿಂದ ಹೊರಹೋಗಲೆಂದು ಆ ಸ್ಥಾನದಲ್ಲಿ ಮಾಡಿದ ಕಿಂಡಿಯು ಗಾಳಿಯನ್ನು ಒಳಕ್ಕೇ ನೂಕುತ್ತದೆ. ಬಿಸಿಯನ್ನು ಬಿಡಬೇಕಾದ ಕಿಂಡಿಯಿರಬೇಕಾದುದು ಬಾನೆಟ್ಟಿನ ಮುಂಭಾಗದಲ್ಲಿ, ರೇಡಿಯೇಟರಿನ ಹಿಂದೆ, ಗಾಳಿಯು ವೇಗವಾಗಿ ಹರಿದು ಒತ್ತಡವು ತಗ್ಗುವ ಎಡೆಯಲ್ಲಿ.

ಇದನ್ನು ಅರಿಯಲು ದೊಡ್ಡ ಪ್ರಯೋಗಶಾಲೆಯ ಅಗತ್ಯವಿಲ್ಲ. ಗೇಣುದ್ದಕ್ಕೂ ಕಡಮೆಯಾದ ಉಣ್ಣೆಯ ಎಳೆಗಳನ್ನು ಕಿಂಡಿಯ ಸುತ್ತ ಅಂಟಿಸಿ, ಬಯಲಿನಲ್ಲಿ ಕಾರನ್ನು ಓಡಿಸಿ, ಇನ್ನೊಂದು ವಾಹನದಿಂದ ಒಬ್ಬರು ಗಮನಿಸಿದರೆ ಸಾಕು. ಎಳೆಗಳು ಹೊರಕ್ಕೆ ಹಾರಿದರೆ ಕಿಂಡಿಯು ನಿಜ. ಒಳಕ್ಕೆ ಸೆಳೆದುಕೊಂಡರೆ ಅದು ಹೇಳುವುದು ಒಂದು, ಮಾಡುವುದು ಇನ್ನೊಂದು.

ಆ ಗೃಹಸ್ಥನ ನಿಜವಾದ ಪರೀಕ್ಷೆ ಇಲ್ಲಿಂದ ಮೊದಲಾಗುತ್ತದೆ. ಎಳೆಗಳು ಒಳಕ್ಕೆ ಬಾಗಿದ್ದನ್ನು ಅವನು ಕಂಡಿದ್ದಾನೆ, ಬೇರೆಯವರು ಕಂಡಿಲ್ಲ. ವಾರಗಳ ದುಡಿಮೆ ಅದರಲ್ಲಿದೆ. ನೆರೆಹೊರೆಯ ಮೆಚ್ಚುಗೆಯೂ ದೊರೆತಿದೆ. ಕಿಂಡಿಯನ್ನು ಹಾಗೆಯೇ ಬಿಟ್ಟರೆ ಕೇಳುವವರಾರು? ಒಳಬದಿಗೆ ಒಂದು ತಗಡನ್ನು ಮುಚ್ಚಿದರೆ ಕೇಡೂ ಇಲ್ಲ, ಹೊಗಳಿಕೆಯೂ ಉಳಿಯುತ್ತದೆ. ಕಾರ್ಖಾನೆಯಿಂದ ಬರುವ ಹಲವು ಕಾರುಗಳಲ್ಲಿಯೇ ಹಿಂದೆ ರಂಧ್ರವಿಲ್ಲದ ಕಪ್ಪು ಜಾಲರಿಗಳು ಮೆರೆಯುತ್ತಿರುವಾಗ ತನ್ನದೊಂದು ಹೆಚ್ಚೇ ಎಂದು ಮನಸ್ಸು ವಾದಿಸುತ್ತದೆ. ಈ ವಾದವನ್ನು ಹೂಡುವುದು ಮಮಕಾರ. ನಾನು ಮಾಡಿದೆನೆಂಬ ಅಭಿಮಾನವು ಮಾಡಿದ್ದು ನಿಜವೇ ಎಂಬ ಪ್ರಶ್ನೆಯನ್ನು ಕೇಳಗೊಡಿಸದು.

ಅಂಗದ ಮೇಲೆ ಲಿಂಗವನ್ನು ಧರಿಸಿದವನೂ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕಾದವನು. ವಿಭೂತಿಯ ಒಪ್ಪವನ್ನು, ರುದ್ರಾಕ್ಷಿಯ ಸಾಲನ್ನು ಕಂಡು ಲೋಕವು ಕೈಮುಗಿಯುತ್ತದೆ. ಆದರೆ ಒಳಗಿನ ಕೋಪದ ಬಿಸಿಯು ಅವನಿಂದ ಹೊರಹೋಗುತ್ತಿದೆಯೇ, ಇಲ್ಲವೇ ಹೊರಗಿನ ಹೊಗಳಿಕೆಯು ಒಳಸೇರಿ ಆ ಬಿಸಿಯನ್ನೇ ಹೆಚ್ಚಿಸುತ್ತಿದೆಯೇ? ಅದನ್ನು ಹೇಳುವುದು ಸಭೆಯಲ್ಲ. ಮನೆಯವರೊಡನೆ, ಆಳುಕಾಳುಗಳೊಡನೆ, ಸಾಲಗಾರನೊಡನೆ ಅವನು ನಡೆದುಕೊಳ್ಳುವ ರೀತಿ. ಆ ನಡತೆಯೇ ಉಣ್ಣೆಯ ಎಳೆ. ಲಾಂಛನಗಳು ಬೇಡವೆಂದು ಇದರ ಅರ್ಥವಲ್ಲ. ಲಾಂಛನದ ಹಿಂದೆ ದಾರಿ ತೆರೆದಿರಬೇಕೆಂದು ಅರ್ಥ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಅರಿಯದ ಭಕ್ತರಿಲ್ಲ. ಅಕ್ಕಿಯು ಕದ್ದದ್ದಾಗಿರಲಿಲ್ಲ, ಆಯ್ದು ತಂದದ್ದೇ. ಆದರೂ ಮಿತಿಯನ್ನು ಮೀರಿದ್ದರಿಂದ ಅದು ಆ ಮನೆಯಲ್ಲಿ ಉಳಿಯಲಿಲ್ಲ. ಶ್ರಮಪಟ್ಟೆನೆಂಬ ಒಂದೇ ಕಾರಣದಿಂದ ವಸ್ತುವು ಶುದ್ಧವಾಗದೆಂಬುದನ್ನು ಆ ತಾಯಿಯು ನಡೆದು ತೋರಿಸಿದಳು.

ಪರರ ಹಿತವೆಂಬ ಮಾತೂ ಇದರಲ್ಲಿ ಅಡಗಿದೆ. ರಾಳದ ಆವಿಯು ಕಣ್ಣು ಗಂಟಲುಗಳನ್ನು ಉರಿಸುತ್ತದೆ. ನಾರಿನ ಧೂಳು ಚರ್ಮವನ್ನು ಚುಚ್ಚುತ್ತದೆ. ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲಿ ಬಾಗಿಲು ಮುಚ್ಚಿಕೊಂಡು ಈ ಕೆಲಸವನ್ನು ಮಾಡುವವನ ಕೈಚಳಕವನ್ನು ಹೊಗಳಲಾಗದು. ಹರಿತವಾದ ಅಂಚನ್ನು ಕಾರಿನ ಮೂತಿಗೆ ಜೋಡಿಸಿದರೆ ಅದರ ಬೆಲೆಯನ್ನು ತೆರುವವನು ದಾರಿಹೋಕ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಕಾರುಗಳ ಮುಂದೆ ಬಿಗಿಯುವ ಲೋಹದ ಅಡ್ಡಕಂಬಿಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ತಿಳಿಸಿದಾಗ ಪಾದಚಾರಿಗಳ ಅಪಾಯವನ್ನೇ ಮುಂದಿಟ್ಟಿತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿಯ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಕಾನೂನಿನ ಭಯದಿಂದ ಮಾತ್ರ ಇದನ್ನು ಪಾಲಿಸುವವನು ಪ್ರಜೆ. ಎದುರಿಗೆ ಬರುವವನಲ್ಲಿಯೂ ಶಿವನಿದ್ದಾನೆಂದು ಪಾಲಿಸುವವನು ಭಕ್ತ.

ಆ ಗೃಹಸ್ಥನು ಕಡೆಗೆ ಏನು ಮಾಡಬೇಕು? ಕಿಂಡಿಯನ್ನು ಕಳಚಿ ಬದಿಗಿಡಬೇಕು. ತಪ್ಪಿದ್ದೆಲ್ಲಿ ಎಂದು ಅರಿತು ಮತ್ತೆ ಅಚ್ಚನ್ನು ಹಿಡಿಯಬೇಕು. ಕಾರಿನ ಚೆಲುವು ಅಂದು ಕೊಂಚ ಕಡಮೆಯಾಗಿ ತೋರೀತು. ನೆರೆಯವರು ಏಕೆಂದು ಕೇಳಿಯಾರು. ಅದು ಕೆಲಸ ಮಾಡುತ್ತಿರಲಿಲ್ಲವೆಂದು ನಾಚದೆ ಉತ್ತರಿಸುವ ಗಳಿಗೆಯಲ್ಲಿ ಅವನ ಹವ್ಯಾಸವು ಕಾಯಕದ ಹೊಸ್ತಿಲನ್ನು ದಾಟುತ್ತದೆ.