ಬಿಳಿಮೀನೂ ಸದುದ್ದೇಶವೂ

ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಕಾರ್ಯವೂ ಒಳ್ಳೆಯದೆನಿಸುವುದೆ? ಈ ಹಳೆಯ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಅರಸುವುದುಂಟು. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಕಾವೇರಿಯು ಕಾಡುಬೆಟ್ಟಗಳ ನಡುವೆ ಹರಿಯುವ ಮುತ್ತತ್ತಿಯ ಸುತ್ತಣ ಮಡುಗಳಲ್ಲಿಯೂ ಅದಕ್ಕೊಂದು ಉತ್ತರವುಂಟು.

ಈ ಮಡುಗಳ ಒಡೆಯನೆಂದರೆ ಬಿಳಿಮೀನು. ಉತ್ತರದವರು ಮಹಸೀರ್ ಎನ್ನುವ ಕುಲದ್ದು. ಗೂನುಬೆನ್ನು, ಕಿತ್ತಳೆವರ್ಣದ ರೆಕ್ಕೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇದಕ್ಕೆ ಬೇರೆ ಮನೆಯಿಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡು ತೂಗಿತಂತೆ. ಮಳೆಗಾಲದ ಹೊಸನೀರಿನಲ್ಲಿ, ಮೊಟ್ಟೆಯಿಡುವುದಕ್ಕಾಗಿ ಪ್ರವಾಹಕ್ಕೆದುರಾಗಿ ಏರುವುದು ಈ ಕುಲದ ಧರ್ಮ.

ಅಣೆಕಟ್ಟುಗಳು ಆ ದಾರಿಯನ್ನು ಕಡಿದುವು; ಸಿಡಿಮದ್ದು ಮಡುಗಳನ್ನು ಬರಿದುಮಾಡಿತು. ಮೀನು ಕ್ಷೀಣಿಸಿದುದನ್ನು ಕಂಡು ಮರುಗಿದವರು, ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಇದರಲ್ಲಿ ಸ್ವಾರ್ಥವಿರಲಿಲ್ಲ. ಮೀನಿನ ಎಣಿಕೆಯೂ ಹೆಚ್ಚಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳ ಶಿಬಿರಗಳಲ್ಲಿ ಗಾಳ ಹಾಕುವವರು ಸಿಕ್ಕಿದ ಮೀನನ್ನು ತೂಗಿ, ಬರೆದಿಟ್ಟು, ಮರಳಿ ನೀರಿಗೆ ಬಿಡುತ್ತಿದ್ದರು. ಆ ಬರೆಹಗಳನ್ನು ವಿಜ್ಞಾನಿಗಳು ಶೋಧಿಸಿ 2015ರಲ್ಲಿ ಪ್ರಕಟಿಸಿದಾಗ ಸತ್ಯವು ಹೊರಬಿದ್ದಿತು: ಬಂದ ಮೀನು ಬೆಳೆದಿತ್ತು, ಮನೆಯ ಮೀನು ಕಾಣೆಯಾಗುತ್ತಿತ್ತು. ಗೂನುಬೆನ್ನಿನ ಮೀನಿಗೆ ಶಾಸ್ತ್ರೀಯವಾದ ಹೆಸರು ನಿಶ್ಚಿತವಾದುದೇ 2018ರಲ್ಲಿ. ಅಳಿವಿನಂಚಿನ ಪಟ್ಟಿಗೆ ಅದು ಸೇರಿದುದೂ ಅದೇ ವರ್ಷ. ಯಾರೆಂದು ಅರಿಯದೆಯೇ ಅವನಿಗೆ ಉಪಕಾರ ಮಾಡಹೊರಟಂತಾಯಿತು!

ಅಮೆರಿಕದ ಪಶ್ಚಿಮ ತೀರದಲ್ಲಿಯೂ, ಅಣೆಕಟ್ಟುಗಳಿಂದಾದ ನಷ್ಟವನ್ನು ತುಂಬಲೆಂದು ಸಾಲ್ಮನ್ ಮರಿಗಳನ್ನು ಸಾಕಿ ನದಿಗೆ ಬಿಟ್ಟರು. ಸಾಕಿದ ಮೀನು ಬೆರೆತು ಕಾಡುಮೀನಿನ ಸತ್ತ್ವ ಕುಗ್ಗಿತು. ಆ ಮೀನನ್ನೇ ನಂಬಿ ಬಾಳುವ ಅಲ್ಲಿನ ಮೂಲನಿವಾಸಿಗಳಾದರೋ ವರ್ಷದ ಮೊದಲ ಸಾಲ್ಮನ್ನನ್ನು ಅತಿಥಿಯಂತೆ ಗೌರವಿಸಿ, ಅದರ ಮೂಳೆಗಳನ್ನು ನದಿಗೇ ಒಪ್ಪಿಸುವರು. ಅವರಿಗೆ ಮೀನೆಂದರೆ ಎಣಿಕೆಯಲ್ಲ, ಪರಿಚಿತನು.

2010ರ ದಶಕದ ಮೊದಲಲ್ಲಿ, ವನ್ಯಜೀವಿ ಶಾಸನದಂತೆ ನಮ್ಮ ಅಭಯಾರಣ್ಯದಲ್ಲಿ ಗಾಳವು ನಿಂತಿತು. ಇದೂ ಸದುದ್ದೇಶವೇ. ಆದರೆ ಹರಿಗೋಲು ನಡೆಸಿ ಬದುಕುತ್ತಿದ್ದ ಊರವರ ಆ ಜೀವನವೂ, ಮಡುಗಳ ಆ ಲೆಕ್ಕವೂ ಒಡನೆಯೇ ನಿಂತುವು. ನದಿಯನ್ನು ಬಲ್ಲವರನ್ನು ಹೊರಗಿಟ್ಟು ನದಿಯನ್ನು ಕಾಯುವುದೆಂತು?

ಸೀತಾದೇವಿಯ ಮುತ್ತು ಮಡುವಿನಲ್ಲಿ ಬೀಳಲು, ಹನುಮಂತನು ಬಾಲದಿಂದ ನೀರನ್ನು ಕಡೆದು ಅದನ್ನು ತೆಗೆದುಕೊಟ್ಟನೆಂದು ಮುತ್ತತ್ತಿಯ ಸ್ಥಳಕಥೆ. ಅವನು ಬೇರೊಂದು ಮುತ್ತನ್ನು ತಂದೊಪ್ಪಿಸಲಿಲ್ಲ; ಕಳೆದುದನ್ನೇ ಹುಡುಕಿದನು.