ಒಂದು ಲೋಟ ಕಾಫಿಯ ಲೆಕ್ಕ

ಮನೆಗೊಂದು ಪುಟ್ಟ ಕಾಫಿ ಯಂತ್ರ ತರೋಣವೆಂಬ ಮಾತು ನಮ್ಮಲ್ಲಿ ಎದ್ದಾಗ, ಅದು ನಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆಂದು ನಾವು ಎಣಿಸಿರಲಿಲ್ಲ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮ ತಮ್ಮ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ. ಗೇಣಿಗಿಂತಲೂ ಕಡಿಮೆ ಅಗಲದ ಯಂತ್ರ. ಹಿಂಬದಿಯಲ್ಲಿ ನೀರಿನ ತೊಟ್ಟಿ, ಮೇಲೆ ಕಾಫಿಪುಡಿ ತುಂಬಿದ ಅಲ್ಯೂಮಿನಿಯಂ ಕ್ಯಾಪ್ಸುಲ್ ಇಡಲು ಒಂದು ಕಿಂಡಿ. ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ನೀರು ಕಾಯುತ್ತದೆ, ಭಾರೀ ಒತ್ತಡದಲ್ಲಿ ಪುಡಿಯ ಮೂಲಕ ನುಗ್ಗಿ ಗಟ್ಟಿ ಕಾಫಿಯಾಗಿ ಲೋಟಕ್ಕಿಳಿಯುತ್ತದೆ. “ಅಮ್ಮನ ಕೈನೋವಿಗೆ ಇದೇ ಪರಿಹಾರ” ಎಂದ ತಮ್ಮ. ಬೆರಳ ಗಂಟುಗಳು ಊದಿಕೊಂಡು, ಬಿಗಿಯಾಗಿ ಕೂತ ಫಿಲ್ಟರಿನ ಮೇಲಿನ ಪಾತ್ರೆಯನ್ನು ಬಿಡಿಸುವುದೇ ಅಮ್ಮನಿಗೆ ಕಷ್ಟವಾಗಿತ್ತು.

ನಾವು ಬೇಡವೆಂದೆವು. ಕಾರಣಗಳೂ ನಮ್ಮಲ್ಲಿ ಸಾಕಷ್ಟಿದ್ದವು.

ಮೊದಲನೆಯದು ದುಡ್ಡಿನ ಕಾರಣ. ಒಂದು ಕ್ಯಾಪ್ಸುಲ್‌ನಲ್ಲಿ ಇರುವುದು 5-6 ಗ್ರಾಂ ಪುಡಿ. ಒಂದಕ್ಕೆ 50 ರೂಪಾಯಿ ಎಂದು ಹಿಡಿದರೂ ಕಿಲೋ ಕಾಫಿಪುಡಿಗೆ ಎಂಟು ಹತ್ತು ಸಾವಿರ ಕೊಟ್ಟಂತಾಯಿತು. ಯಂತ್ರದ ಬೆಲೆ ಒಂದು ಸಲದ್ದು, ಕ್ಯಾಪ್ಸುಲ್‌ನ ಕಂದಾಯ ಮಾತ್ರ ಪ್ರತಿದಿನದ್ದು. ಒಂದು ಕಂಪನಿಯ ಕ್ಯಾಪ್ಸುಲ್ ಇನ್ನೊಂದು ಕಂಪನಿಯ ಯಂತ್ರದಲ್ಲಿ ಕೂರುತ್ತದೆಂಬ ಖಾತರಿಯೂ ಇಲ್ಲ.

ಎರಡನೆಯದು ಕಸ. ಅಲ್ಯೂಮಿನಿಯಂ ಅನ್ನು ಕರಗಿಸಿ ಮತ್ತೆ ಬಳಸಬಹುದು ನಿಜ. ಆದರೆ ಯಾರಾದರೂ ಅದನ್ನು ಬೇರ್ಪಡಿಸಿ, ಒಳಗಿನ ಗಷ್ಟು ತೆಗೆದು, ಒಂದೆಡೆ ಕೂಡಿಸಬೇಕು. ಬೆಳಗ್ಗೆ ಕಸದ ಗಾಡಿ ಬಂದು ನಿಂತಾಗ ಆ ಕ್ಯಾಪ್ಸುಲ್ ಹಸಿಕಸವೋ ಒಣಕಸವೋ? ಒಳಗೆ ಹಸಿ, ಹೊರಗೆ ಒಣ. ನೆಸ್ಲೆ ಕಂಪನಿಯ ಎಂಜಿನಿಯರ್ ಎರಿಕ್ ಫಾವ್ರ್ 1970ರ ದಶಕದಲ್ಲಿ ರೂಪಿಸಿದ ಈ ಪದ್ಧತಿ 1986ರಲ್ಲಿ ನೆಸ್ಪ್ರೆಸೊ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 2016ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ ಸರ್ಕಾರಿ ಹಣದಲ್ಲಿ ಕಾಫಿ ಕ್ಯಾಪ್ಸುಲ್ ಕೊಳ್ಳುವುದನ್ನೇ ನಿಲ್ಲಿಸಿತು. ಅಮೆರಿಕದಲ್ಲಿ ಇಂಥದ್ದೇ ಪ್ಲಾಸ್ಟಿಕ್ ಕಪ್ಪುಗಳ ಕಾಫಿ ಕಂಡುಹಿಡಿದ ಜಾನ್ ಸಿಲ್ವನ್, ತಾನು ಅದನ್ನು ಮಾಡಿದ್ದಕ್ಕೆ ಕೆಲವೊಮ್ಮೆ ಮರುಗುವುದಾಗಿ 2015ರಲ್ಲಿ ಹೇಳಿಕೊಂಡರು.

ಮೂರನೆಯದು ನಮ್ಮ ಊರಿನ ಕಾರಣ. ಕೋಲಾರದ ಕೊಳವೆಬಾವಿಯ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು. ಯಂತ್ರದ ಸಣ್ಣ ಕೊಳವೆಯಲ್ಲೂ ಅದೇ ಕಟ್ಟುತ್ತದೆ, ಆಗಾಗ ತೊಳೆಯದಿದ್ದರೆ ಯಂತ್ರ ಕೂತುಹೋಗುತ್ತದೆ. ಅದು ಬೇಡುವ ವಿದ್ಯುತ್ತು ಇಸ್ತ್ರಿಪೆಟ್ಟಿಗೆಗಿಂತ ಕಡಿಮೆಯಿಲ್ಲ. ಕರೆಂಟು ಹೋದಾಗ ಮನೆಯ ಸಾಮಾನ್ಯ ಯುಪಿಎಸ್ ಅದನ್ನು ಹೊರಲಾರದು. ಇನ್ನೂ ಒಂದು ಮಾತಿದೆ. ಇದು ಹಾಲಿನ ಜಿಲ್ಲೆ. ನಮ್ಮ ಲೋಟದಲ್ಲಿ ಕಾಫಿಗಿಂತ ಹಾಲೇ ಹೆಚ್ಚು. ಸಣ್ಣ ಯಂತ್ರ ಕೊಡುವುದು ಬರೀ ಡಿಕಾಕ್ಷನ್. ಡೇರಿಯಿಂದ ಹಾಲು ತರುವುದು, ಉಕ್ಕದಂತೆ ಕಾದು ನಿಲ್ಲುವುದು, ತಳ ಹಿಡಿದ ಪಾತ್ರೆ ಉಜ್ಜುವುದು, ಇವೆಲ್ಲ ಇದ್ದಲ್ಲಿಯೇ ಇರುತ್ತವೆ.

ಈ ಮೂರಕ್ಕೂ ಮಿಗಿಲಾದ ನಾಲ್ಕನೆಯ ಕಾರಣವೊಂದು ನಮಗೆ ಬಹಳ ಪ್ರಿಯವಾಗಿತ್ತು. ಕಾಫಿ ಹಂಚಿ ಕುಡಿಯುವ ಪಾನೀಯ, ಈ ಯಂತ್ರವಾದರೋ ಒಬ್ಬರಿಗೊಂದೇ ಕಪ್ ಕೊಡುತ್ತದೆ ಎಂದು ನಾವು ವಾದಿಸಿದೆವು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಟದ ಮನೆಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹತ್ತು ಜನ ಬಂದು ಕೂರುತ್ತಾರೆ. ಮೊದಲನೆಯವರ ಲೋಟ ಖಾಲಿಯಾದ ಮೇಲೆ ಹತ್ತನೆಯವರಿಗೆ ಕಾಫಿ ಸಿಕ್ಕರೆ ಅದನ್ನು ಆತಿಥ್ಯ ಎನ್ನಬಹುದೇ? ಚರಿತ್ರೆಯನ್ನೂ ಸಾಕ್ಷಿಗೆ ಕರೆದೆವು. ಹದಿನೈದನೆಯ ಶತಮಾನದ ಯೆಮನಿನಲ್ಲಿ ಸೂಫಿಗಳು ರಾತ್ರಿಯ ಧ್ಯಾನಕ್ಕೆ ಎಚ್ಚರವಾಗಿರಲೆಂದು ಕಾಫಿ ಕುಡಿಯುತ್ತಿದ್ದರು. ಅವರ ಕೂಟಗಳಲ್ಲಿ ಕಾಫಿ ಇರುತ್ತಿದ್ದುದು ಒಂದೇ ದೊಡ್ಡ ಮಣ್ಣಿನ ಪಾತ್ರೆಯಲ್ಲಿ. 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬ ಕಾಫಿಯನ್ನು ನಿಷೇಧಿಸಿದಾಗಲೂ ಅವನ ಕಣ್ಣು ಕುಕ್ಕಿದ್ದು ಪಾನೀಯಕ್ಕಿಂತ ಹೆಚ್ಚಾಗಿ ಅದರ ಸುತ್ತ ಸೇರುತ್ತಿದ್ದ ಜನ. ಅದೇ ಯೆಮನಿನಿಂದ ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬುದು ನಾಡಿನ ನಂಬಿಕೆ. ಇಂಥ ಕಾಫಿಯನ್ನು ಒಂಟಿ ಡಬ್ಬಿಯೊಳಗೆ ಮುಚ್ಚುವುದೇ?

ವಾದದಲ್ಲಿ ಗೆದ್ದೆವೆಂದೇ ತಿಳಿದಿದ್ದೆವು. ಆಗ ಬೆಂಗಳೂರಿನ ಬಂಧುಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದ ಅಮ್ಮ ಅಲ್ಲಿನ ಕಾಫಿ ಯಂತ್ರದ ಸುದ್ದಿ ಹೇಳಿದರು. ರುಚಿಯ ವಿಷಯದಲ್ಲಿ ಅವರಿಗೆ ಅಷ್ಟೇನೂ ಮೆಚ್ಚುಗೆ ಇರಲಿಲ್ಲ. ಹೇಳಿದ್ದು ಇಷ್ಟೇ: “ಬೆಳಿಗ್ಗೆ ಎದ್ದು ಗುಂಡಿ ಒತ್ತಿದೆ. ಕಿಟಕಿ ಹತ್ತಿರ ಕುರ್ಚಿ ಹಾಕ್ಕೊಂಡು ಕುಡಿದೆ. ಯಾರೂ ನನ್ನ ಕರೀಲಿಲ್ಲ. ನಲವತ್ತು ವರ್ಷ ಆಯ್ತು, ಕೂತ್ಕೊಂಡು ಬಿಸಿ ಕಾಫಿ ಕುಡಿದು.”

ನಮಗೆ ಮಾತು ಹೊರಡಲಿಲ್ಲ. ನಾವು ಒಂಟಿತನವೆಂದು ಹಳಿದ ಆ ಒಂದು ಕಪ್ ಅವರ ಪಾಲಿಗೆ ಬಿಡುವಾಗಿತ್ತು. ಎಲ್ಲರಿಗೂ ಹಂಚಿ, ತಳದಲ್ಲಿ ಉಳಿದ ಆರಿದ ಕಾಫಿಯನ್ನು ನಿಂತೇ ಕುಡಿಯುವವರಿಗೆ “ಹಂಚಿ ಕುಡಿಯುವ ಪಾನೀಯ” ಎಂಬ ನಮ್ಮ ಸೊಗಸಾದ ಮಾತು ಹೇಗೆ ಕೇಳಿಸಿರಬೇಡ?

ಫಿಲ್ಟರ್ ಕಾಫಿಯ ಘಮವನ್ನು ಹಾಡಿ ಹೊಗಳುವ ನಾವು, ಅದರ ಹಿಂದೆ ಐದು ಗಂಟೆಗೆ ಏಳುವ ಒಂದು ಜೀವವಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಳಬಾಗಿಲಿನ ಹೋಟೆಲಿನಲ್ಲಿ ದೋಸೆ ತಿಂದು ಕಾಫಿ ಕುಡಿಯುತ್ತೇವೆ. ಅಲ್ಲಿ ಕಾಫಿ ಬೆರೆಸುವವನಿಗೆ ಸಂಬಳವಿದೆ, ವಾರದ ರಜೆ ಕೇಳುವ ಬಾಯಿಯೂ ಇದೆ. ಅದೇ ಕೆಲಸ ಮನೆಯಲ್ಲಾದರೆ ಅದಕ್ಕೆ ಮಮತೆ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ. ದುಂದು ತಪ್ಪು ಎಂದು ನಾವು ಸಾರಿದ್ದು ನಿಜ. ಆದರೆ ಒಬ್ಬರ ದುಡಿಮೆಯನ್ನು ಪುಕ್ಕಟೆಯೆಂದು ಬಳಸುವುದೂ ದುಂದಲ್ಲವೇ?

ಆ ಸೂಫಿ ಕೂಟಗಳ ಕಥೆಯಲ್ಲಿ ನಾವು ಹೇಳದೆ ಬಿಟ್ಟ ಒಂದು ವಿವರವಿದೆ. ಹದಿನಾರನೆಯ ಶತಮಾನದ ಲೇಖಕ ಅಲ್-ಜಝೀರಿ, ಕೈರೋದಲ್ಲಿದ್ದ ಯೆಮನಿಗಳ ಕೂಟವನ್ನು ವರ್ಣಿಸುತ್ತಾ, ಆ ದೊಡ್ಡ ಪಾತ್ರೆಯಿಂದ ಸಣ್ಣ ಸೌಟಿನಲ್ಲಿ ಕಾಫಿ ತೆಗೆದು ಬಲಬದಿಯಿಂದ ಒಬ್ಬೊಬ್ಬರಿಗೂ ಕೊಡುತ್ತಿದ್ದವರು ಕೂಟದ ಮುಖ್ಯಸ್ಥರೇ ಎಂದು ತಿಳಿಸುತ್ತಾನೆ. ಅಲ್ಲಿ ಹಿರಿಯನೇ ಬಡಿಸುತ್ತಿದ್ದ. ನಮ್ಮ ಮನೆಗಳಲ್ಲಿ ಹಿರಿಯ ಗಂಡಸು ಪತ್ರಿಕೆ ಬಿಡಿಸಿ ಕೂತು “ಕಾಫಿ ಆಯ್ತಾ?” ಎಂದು ಕೂಗುತ್ತಾನೆ. ಆ ಕೂಟದಿಂದ ನಾವು ಪಾತ್ರೆಯನ್ನು ಮಾತ್ರ ನೆನಪಿಟ್ಟುಕೊಂಡೆವು, ಸೌಟು ಹಿಡಿದ ಕೈಯನ್ನು ಮರೆತೆವು.

ಹಾಗಾದರೆ ಯಂತ್ರವೇ ಸರಿಯೇ? ಅಷ್ಟು ಸುಲಭವಾಗಿ ಹೇಳಲಾಗದು. ಯಾವುದೇ ವಸ್ತು ಮನೆಗೆ ಬರುವಾಗ ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ಯಾರ ಹೊರೆ ಇಳಿಸುತ್ತದೆ, ಇಳಿಸಿದ್ದನ್ನು ಯಾರ ಹೆಗಲಿಗೆ ಏರಿಸುತ್ತದೆ? ಕ್ಯಾಪ್ಸುಲ್ ಅಮ್ಮನ ಕೈಯಿಂದ ಹೊರೆ ಇಳಿಸಿ ಪೌರಕಾರ್ಮಿಕರ ಕೈಗೆ ದಾಟಿಸುತ್ತದೆ. ನಮ್ಮ ಸಂಪ್ರದಾಯಪ್ರೇಮ ಅದನ್ನು ಅಮ್ಮನ ಕೈಯಲ್ಲೇ ಉಳಿಸುತ್ತದೆ. ಎರಡರಲ್ಲೂ ನಮ್ಮ ಕೈ ಮಾತ್ರ ಖಾಲಿ.

ಒಂಟಿಯಾಗಿರುವ ವೃದ್ಧರಿಗೆ, ಕೈಯಲ್ಲಿ ಬಲವಿಲ್ಲದವರಿಗೆ ಇಂಥ ಯಂತ್ರ ಊರುಗೋಲಿನಂತೆ. ಅದನ್ನು ವಿಲಾಸವೆಂದು ಜರೆಯುವ ಹಕ್ಕು ಯಾರಿಗೂ ಇಲ್ಲ. ಅಂಥವರಿಗಾಗಿ ಕೊಳ್ಳುವವರು, ನಮ್ಮದೇ ಪುಡಿ ತುಂಬಿ ಮತ್ತೆ ಮತ್ತೆ ಬಳಸಬಹುದಾದ ಸ್ಟೀಲ್ ಕ್ಯಾಪ್ಸುಲ್ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಲಿ. ಆದರೆ ಆ ಕ್ಯಾಪ್ಸುಲ್ ತುಂಬುವ, ತೊಳೆಯುವ ಕೈ ಯಾರದು ಎಂಬುದನ್ನೂ ಆಗಲೇ ತೀರ್ಮಾನಿಸಿಕೊಳ್ಳಲಿ. ಗಟ್ಟಿಮುಟ್ಟಾದ ಮೂರು ನಾಲ್ಕು ಜನರಿರುವ ಮನೆಯಲ್ಲಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ನಾಚಿಕೆ.

ಕೊನೆಗೆ ಅಮ್ಮನನ್ನೇ ಕೇಳಿದೆವು. ಅದನ್ನು ಮೊದಲೇ ಕೇಳಬೇಕಿತ್ತು. “ಯಂತ್ರ ತಂದ್ರೂ ಸರಿ, ನೀವೇ ಎದ್ರೂ ಸರಿ. ಆ ಕಾಲುಗಂಟೆ ಮಾತ್ರ ನನಗೆ ಬಿಡಿ” ಎಂದರು.

ಈಗ ರಾತ್ರಿ ಮಲಗುವ ಮುನ್ನ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿಯುವುದು ನಮ್ಮ ಸರದಿ, ಬೆಳಗ್ಗೆ ಎದ್ದು ಹಾಲು ಕಾಯಿಸುವುದು ತಮ್ಮನ ಸರದಿ. ಅವನಿಗೆ ರಾತ್ರಿಪಾಳಿ ಇದ್ದಾಗ ಎರಡೂ ನಮ್ಮದೇ. ಡಿಕಾಕ್ಷನ್ ಕೆಲವೊಮ್ಮೆ ತೆಳುವಾಗುತ್ತದೆ, ಹಾಲು ಎರಡು ಸಲ ಉಕ್ಕಿದೆ. ಮೊದಲ ಲೋಟ ಕಿಟಕಿಯ ಬಳಿಯ ಕುರ್ಚಿಗೆ ಹೋಗುತ್ತದೆ. ಯಂತ್ರದ ಮಾತು ಮಾತ್ರ ಪೂರ್ತಿ ಮುಗಿದಿಲ್ಲ. ಒಂದೇ ವಾರದಲ್ಲಿ ನಾವು ಎರಡು ದಿನ ತಪ್ಪಿದರೆ, ಮಾತಿಲ್ಲದೆ ಅದನ್ನು ಕೊಂಡು ತರುವುದೆಂದು ತಮ್ಮ ಷರತ್ತು ಹಾಕಿದ್ದಾನೆ. ಕಳೆದ ವಾರ ಒಂದು ದಿನ ತಪ್ಪಿದ್ದೇವೆ.